ಮಂಡಿಯ ನೋವು, ಅಕ್ಕನ ಮೌನ

ಪ್ರಶ್ನೆ: ನನಗೆ 38 ವರ್ಷ, ಉಪನ್ಯಾಸಕಿ. ಮಂಗಳೂರಿನಲ್ಲಿರುವ ಅಕ್ಕನ ಎಂಟು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಚಲನೆ, ಸಮತೋಲಕ್ಕೆ ಅಡ್ಡಿಯಾಗುವ ಸ್ಥಿತಿ) ಇದೆ. ರಜೆಯಲ್ಲಿ ಅವನನ್ನು ಬೆಂಗಳೂರಿಗೆ ಕರೆದೊಯ್ದು ಕುದುರೆ ಸವಾರಿಯ ಚಿಕಿತ್ಸೆ ಕೊಡಿಸುತ್ತಾರೆ. ಆ ಸಂಸ್ಥೆಗೆ ನೆರವಾಗಲೆಂದು ಮ್ಯಾರಥಾನ್ ಓಡುವುದಾಗಿ ಹೇಳಿ, ಅವನ ಫೋಟೊ ಸಹಿತ ವಾಟ್ಸ್‌ಆ್ಯಪ್‌ನಲ್ಲಿ ಮನವಿ ಕಳುಹಿಸಿದೆ. 74,000 ರೂಪಾಯಿ ಬಂದಿದೆ. ಓಟಕ್ಕೆ ಹತ್ತು ವಾರ ಇರುವಾಗ ಮಂಡಿನೋವು ಶುರುವಾಗಿ, ವೈದ್ಯರು ಆರು ವಾರ ಓಡಬಾರದೆಂದಿದ್ದಾರೆ. ಹಿಂದೆ ಸರಿದರೆ ಹಣ ಕೊಟ್ಟವರಿಗೆ ಮೋಸ ಮಾಡಿದಂತಾಗದೇ? ಅಕ್ಕನೂ ಯಾಕೋ ಸರಿಯಾಗಿ ಮಾತನಾಡುತ್ತಿಲ್ಲ.
– ಹೆಸರು ಬೇಡ, ಉಡುಪಿ

ಉತ್ತರ: ನಿಮ್ಮ ಮೂರು ಪುಟಗಳ ಪತ್ರವನ್ನು ಇಲ್ಲಿ ಸಂಕ್ಷೇಪಿಸಿದ್ದೇನೆ. ಮೂಲದಲ್ಲಿ ಎರಡೂವರೆ ಪುಟ ಮಂಡಿಗೇ ಹೋಗಿದ್ದು, ಅಕ್ಕನ ಪಾಲಿಗೆ ಉಳಿದದ್ದು ಕೊನೆಯ ಆ ಒಂದು ಸಾಲು. ನಿಮ್ಮನ್ನು ನಿದ್ದೆಗೆಡಿಸುತ್ತಿರುವುದು ಆ ಸಾಲೇ ಇರಬೇಕೆಂದು ನನಗನಿಸುತ್ತದೆ.

ಮಂಡಿಯ ವಿಷಯವನ್ನು ಮೊದಲು ಮುಗಿಸೋಣ. ಬೆಳಗಿನ ಐದು ಗಂಟೆಗೇ ಅಂಗಿ ಒದ್ದೆಯಾಗುವ ನಮ್ಮ ಕರಾವಳಿಯ ಸೆಕೆಯಲ್ಲಿ, ವಿಶ್ರಾಂತಿಯ ನಂತರ ಉಳಿಯುವ ನಾಲ್ಕೇ ವಾರಗಳಲ್ಲಿ, 42.195 ಕಿಲೋಮೀಟರ್ ಓಟಕ್ಕೆ ಕಾಲನ್ನು ಅಣಿಗೊಳಿಸಲು ಹೊರಡುವುದು ಹಟವಾಗುತ್ತದೆಯೇ ಹೊರತು ಸೇವೆಯಾಗುವುದಿಲ್ಲ. ಈ ಬಾರಿ ಓಡಬೇಡಿ. ಹಣ ಕೊಟ್ಟವರಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿ, ವಾಪಸು ಕೇಳಿದವರಿಗೆ ಮರಳಿಸಿ, ಉಳಿದದ್ದನ್ನು ಈ ವಾರವೇ ಸಂಸ್ಥೆಯ ಖಾತೆಗೆ ಜಮಾ ಮಾಡಿ ರಸೀದಿಯ ಪ್ರತಿಯನ್ನು ಎಲ್ಲರಿಗೂ ಕಳುಹಿಸಿ. ಅವರು ಕೊಟ್ಟದ್ದು ಮಕ್ಕಳ ಸವಾರಿಗೆ. (ಇನ್ನು ಮುಂದೆ ಹಣ ನೇರವಾಗಿ ಸಂಸ್ಥೆಗೇ ಹೋಗಲಿ, ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಸಿಗುವ ಮಾನ್ಯತೆ ಅದಕ್ಕೆ ಇದ್ದರೆ, ರಸೀದಿಯು ಹಣ ಕೊಟ್ಟವರ ಹೆಸರಿನಲ್ಲೇ ಆಗುತ್ತದೆ.)

ಇನ್ನು ಅಕ್ಕ. ಪತ್ರದ ಜೊತೆ ನೀವು ಲಗತ್ತಿಸಿದ ಮನವಿಯನ್ನು ನೋಡಿದೆ. ಮಗು ಕುದುರೆಯ ಮೇಲಿದೆ, ಇಬ್ಬರು ಎರಡೂ ಬದಿಯಿಂದ ಅವನ ತೊಡೆಯನ್ನು ಒತ್ತಿ ಹಿಡಿದಿದ್ದಾರೆ, ಹೆಲ್ಮೆಟ್ ಒಂದು ಕಡೆಗೆ ವಾಲಿದೆ, ಬಾಯಿಯಿಂದ ಇಳಿದ ಜೊಲ್ಲು ಅಂಗಿಯ ಮೇಲಿದೆ. ಕೆಳಗೆ, ‘ನಡೆಯಲಾರದ ಕಂದ ಕುದುರೆಯೇರಿ ನಡೆಯಲು ಕಲಿಯುತ್ತಿದ್ದಾನೆ’ ಎಂದು ಬರೆದಿದ್ದೀರಿ. ಇದನ್ನು ಕಳುಹಿಸುವ ಮೊದಲು ಅಕ್ಕನನ್ನು ಕೇಳಿದ್ದಿರೆಂದು ಪತ್ರದಲ್ಲಿ ಎಲ್ಲಿಯೂ ಇಲ್ಲ.

ಕುದುರೆ ನಡೆಯುವಾಗ ಮೇಲೆ ಕುಳಿತವರ ಸೊಂಟವು ಹಿಂದೆ ಮುಂದೆ, ಆಚೆ ಈಚೆ, ಸ್ವಲ್ಪ ತಿರುಗುತ್ತಲೂ ಚಲಿಸುತ್ತದೆ. ಮನುಷ್ಯರು ನಡೆಯುವಾಗ ಆಗುವ ಚಲನೆಯೂ ಬಹುಮಟ್ಟಿಗೆ ಇದೇ. ಹೆಜ್ಜೆಹೆಜ್ಜೆಗೂ ಸಮತೋಲ ಹುಡುಕಬೇಕಾಗುವುದರಿಂದ ಬೆನ್ನು, ಸೊಂಟಗಳ ಹಿಡಿತ ಸುಧಾರಿಸಬಹುದು, ಬಿಗಿದ ಸ್ನಾಯು ಸಡಿಲಬಹುದು. ನಡೆಯದ ಮಗು ಇದರಿಂದಲೇ ನಡೆದುಬಿಡುತ್ತದೆಂದು ಬಲ್ಲವರು ಯಾರೂ ಹೇಳುವುದಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದ ಡೆನ್ಮಾರ್ಕ್‌ನ ಲಿಸ್ ಹಾರ್ಟೆಲ್ ಅವರಿಗೆ ಪೋಲಿಯೊದಿಂದಾಗಿ ಮಂಡಿಯ ಕೆಳಗೆ ಬಲವಿರಲಿಲ್ಲ; ಕುದುರೆ ಹತ್ತಲು, ಇಳಿಯಲು ಅವರಿಗೆ ಇನ್ನೊಬ್ಬರ ನೆರವು ಬೇಕಾಗಿತ್ತು. ಕಾಲು ವಾಸಿಯಾದದ್ದರಿಂದ ಅವರು ಗೆದ್ದದ್ದಲ್ಲ.

ಅಕ್ಕನಿಗೆ ಇದೆಲ್ಲ ನಿಮಗಿಂತ ಚೆನ್ನಾಗಿ ಗೊತ್ತು. ‘ಯಾವಾಗ ನಡೀತಾನೆ?’ ಎಂಬ ಪ್ರಶ್ನೆಯನ್ನು ವರ್ಷಗಟ್ಟಲೆ ಮದುವೆ ಹಾಲ್‌ಗಳಲ್ಲಿ, ಊಟದ ಪಂಕ್ತಿಯಲ್ಲಿ ನಗುತ್ತ ತಪ್ಪಿಸಿಕೊಂಡು ಬಂದಿರುವ ಆಕೆಗೆ, ನಿಮ್ಮ ಒಂದು ಸಂದೇಶದಿಂದ ಅದೇ ಪ್ರಶ್ನೆ ಎಷ್ಟು ಜನರಿಂದ ಮತ್ತೆ ಬಂದಿರಬಹುದೆಂದು ಯೋಚಿಸಿ.

ಫೋನ್ ಮಾಡಬೇಡಿ, ಭಾನುವಾರ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ. ‘ಒಳ್ಳೆಯದಕ್ಕೇ ಮಾಡಿದ್ದು’ ಎಂಬ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಕೇಳದೆ ಫೋಟೊ ಹಾಕಿದ್ದು ತಪ್ಪಾಯಿತೆಂದಷ್ಟೇ ಹೇಳಿ, ಆಕೆ ಬೈದರೆ ಬೈಸಿಕೊಳ್ಳಿ. ಹುಡುಗನಲ್ಲೂ ಕ್ಷಮೆ ಕೇಳಿ. ಮಾತು ತೊದಲುವ ಎಷ್ಟೋ ಮಕ್ಕಳಿಗೆ ಎಲ್ಲವೂ ಅರ್ಥವಾಗುತ್ತದೆ. ಬಳಿಕ ಅದೇ ಗುಂಪುಗಳಿಗೆ ಇನ್ನೊಂದು ಸಂದೇಶ ಕಳುಹಿಸಿ, ಫೋಟೊ ಅಳಿಸುವಂತೆ ವಿನಂತಿಸಿ, ನಡೆಯುವ ಮಾತು ನಿಮ್ಮ ತಪ್ಪು ಬರಹವೆಂದು ಸ್ಪಷ್ಟಪಡಿಸಿ. ಕಳುಹಿಸುವ ಮೊದಲು ಅಕ್ಕನಿಗೆ ಓದಿಸಿ.

ಇಂಥ ಸವಾರಿಯಲ್ಲಿ ಕುದುರೆಯ ಹಗ್ಗ ಹಿಡಿಯಲು ಒಬ್ಬರು, ಮಗುವಿನ ಎರಡು ಬದಿಗೆ ನಡೆಯಲು ಇಬ್ಬರು ಬೇಕಾಗುವುದುಂಟು. ತರಬೇತಿ ಪಡೆದ ಸ್ವಯಂಸೇವಕರೂ ಆ ಕೆಲಸ ಮಾಡುತ್ತಾರೆ. ಮುಂದಿನ ರಜೆಗೆ ಅಕ್ಕ ಒಪ್ಪಿದರೆ, ವೈದ್ಯರೂ ಒಪ್ಪಿದರೆ, ನೀವೂ ಬೆಂಗಳೂರಿಗೆ ಹೋಗಿ ಅಲ್ಲಿ ಕೇಳಿ ನೋಡಿ. ಕುದುರೆ ಅಲ್ಲಿ ಓಡುವುದಿಲ್ಲ, ನಿಧಾನವಾಗಿ ನಡೆಯುತ್ತದೆ.