ಸಿಸ್ಟರ್‌ನ ಕೇಳಿ: ಡಿಸ್ಚಾರ್ಜ್ ಆದ ಮೇಲೆ ಏನು?

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹೃದಯದ್ದೇ. ನಾನು ಇಪ್ಪತ್ತಾರು ವರ್ಷ ಹೃದಯದ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಡಾಕ್ಟರ್ ಅಲ್ಲ. ಯಾವ ಮಾತ್ರೆ, ಎಷ್ಟು ಡೋಸ್ ಅಂತ ಬರೆದವರು ದಯವಿಟ್ಟು ನಿಮ್ಮ ಡಾಕ್ಟರನ್ನೇ ಕೇಳಿ. ಮನೆಗೆ ಹೋದ ಮೇಲೆ ಏನು ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇದೆ.

ನಮ್ಮ ಯಜಮಾನರಿಗೆ 54 ವರ್ಷ. ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿ ಮೂರು ವಾರ ಆಯಿತು. ನಾನು, ಅತ್ತೆ ಸೇರಿ ಅವರನ್ನು ಒಂದು ಲೋಟ ನೀರಿಗೂ ಏಳಲು ಬಿಡುತ್ತಿಲ್ಲ. ರಾತ್ರಿ ಉಸಿರಾಡುತ್ತಿದ್ದಾರಾ ಅಂತ ನಾಲ್ಕೈದು ಸಲ ಎದ್ದು ನೋಡುತ್ತೇನೆ. ಈಗ ಅವರು ಎಲ್ಲದಕ್ಕೂ ರೇಗುತ್ತಾರೆ. ನನ್ನಿಂದ ಏನಾದರೂ ತಪ್ಪಾಗುತ್ತಿದೆಯಾ? – ಗೃಹಿಣಿ, ಶಿವಮೊಗ್ಗ

ತಪ್ಪು ಅನ್ನಲ್ಲ ಅಮ್ಮಾ, ಭಯ. ನೀರಿನ ಲೋಟ ಮಾತ್ರ ಅವರೇ ತಗೊಳ್ಳಲಿ.

ನಿಮ್ಮ ಅತ್ತೆಯವರ ಕಾಳಜಿಗೂ ಒಂದು ಹಿನ್ನೆಲೆ ಇದೆ. ಹಿಂದೆ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು. ಹಾರ್ಟ್ ಅಟ್ಯಾಕ್ ಆದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸಿ, ಊಟ ಕೂಡ ಬೇರೆಯವರೇ ತಿನ್ನಿಸುತ್ತಿದ್ದ ಕಾಲ ಅದು. 1952ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ಇಬ್ಬರು ಡಾಕ್ಟರುಗಳು 81 ರೋಗಿಗಳನ್ನು ಬೇಗನೇ ಕುರ್ಚಿಯಲ್ಲಿ ಕೂರಿಸಿ, ಏನೂ ಕೆಡುಕಾಗಲಿಲ್ಲ, ಗೆಲುವಾಗೇ ಇದ್ದರು ಅಂತ ಬರೆದರು. ಆಗ ಅದು ದೊಡ್ಡ ಧೈರ್ಯದ ಕೆಲಸ. ಈಗ ತೊಂದರೆ ಇಲ್ಲದ ಸ್ಟೆಂಟ್ ರೋಗಿಯನ್ನು ಒಂದೆರಡು ದಿನದಲ್ಲೇ ವಾರ್ಡಿನಲ್ಲಿ ನಡೆಸುತ್ತೇವೆ. ಆಸ್ಪತ್ರೆಯಲ್ಲಿ ನಡೆದಾಡಿದವರು ಮನೆಗೆ ಬಂದು ಮಲಗಿಬಿಟ್ಟರೆ ಏನು ಬಂತು?

ಇನ್ನು ನಿಮ್ಮ ವಿಷಯ. ಡೆಬ್ರಾ ಮೋಸರ್, ಕ್ಯಾಥ್ಲೀನ್ ಡ್ರೇಕಪ್ ಅಂತ ಅಮೆರಿಕದಲ್ಲಿ ಇಬ್ಬರು ನರ್ಸಿಂಗ್ ಸಂಶೋಧಕರು. ಹೃದಯದ ತೊಂದರೆ ಆದವರನ್ನೂ ಅವರ ಸಂಗಾತಿಗಳನ್ನೂ ಜೋಡಿಯಾಗೇ ಪ್ರಶ್ನೆ ಮಾಡಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರೋಗಿಗಿಂತ ಸಂಗಾತಿಯೇ ಜಾಸ್ತಿ ಹೆದರಿದ್ದ ಜೋಡಿಗಳಲ್ಲಿ ರೋಗಿಯ ಮನಸ್ಸು ಕಾಯಿಲೆಗೆ ಹೊಂದಿಕೊಂಡದ್ದು ಎಲ್ಲರಿಗಿಂತ ಕಮ್ಮಿ. ನನಗೆ ಇದು ವಾರ್ಡಿನಲ್ಲಿ ದಿನಾ ಕಾಣುತ್ತಿತ್ತು. ಗಂಡ ಹಾಸಿಗೆ ಮೇಲೆ ಪೇಪರ್ ಓದುತ್ತಿರುತ್ತಾರೆ, ಹೆಂಡತಿ ಊಟ ಬಿಟ್ಟು ಬಾಗಿಲ ಹತ್ತಿರ ನಿಂತಿರುತ್ತಾರೆ. ನಾವು ಅವರ ಬಿಪಿ ನೋಡುತ್ತೇವೆ, ಇವರನ್ನು "ಸ್ವಲ್ಪ ಹೊರಗಿರಿ" ಅಂತೇವೆ. ಅಲ್ಲೇ ನಾವು ಎಡವುವುದು.

ಮುಂದಿನ ಚೆಕಪ್‌ಗೆ ನೀವೂ ಒಳಗೆ ಹೋಗಿ. ಎಷ್ಟು ನಡೆಯಬಹುದು, ಮೆಟ್ಟಿಲು ಹತ್ತಬಹುದಾ, ಕೆಲಸಕ್ಕೆ ಯಾವಾಗ, ಗಂಡ-ಹೆಂಡತಿ ಯಾವಾಗ ಜೊತೆಯಾಗಬಹುದು, ಎಲ್ಲ ಕೇಳಿ. ಕೊನೆಯದನ್ನು ಯಾರೂ ಕೇಳುವುದಿಲ್ಲ, ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಡಾಕ್ಟರ್ ಒಪ್ಪಿದರೆ ಐದೋ ಹತ್ತೋ ನಿಮಿಷದಿಂದ ಶುರು ಮಾಡಿ, ಪಕ್ಕದಲ್ಲಿ ಮಾತಾಡುತ್ತಾ ಹೋಗುವಷ್ಟು ಹದದಲ್ಲಿ ನಡೆಯಲಿ. ಮಾತು ತುಂಡಾದರೆ ವೇಗ ಜಾಸ್ತಿ ಆಯಿತು ಅಂತ. ಎದೆ ಹಿಡಿದಂತಾದರೆ ಅಲ್ಲೇ ಕೂತು, ಡಾಕ್ಟರ್ ಬರೆದುಕೊಟ್ಟ ನಾಲಿಗೆ ಕೆಳಗಿನ ಮಾತ್ರೆ ಇಟ್ಟುಕೊಳ್ಳಲಿ. ಐದು ನಿಮಿಷದಲ್ಲಿ ಇಳಿಯದಿದ್ದರೆ 108. ಆ ಮಾತ್ರೆ ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರಲಿ. ಏನು ಮಾಡಬೇಕು ಅಂತ ಗೊತ್ತಿದ್ದರೆ ನಿಮಗೂ ರಾತ್ರಿ ನಿದ್ದೆ ಹತ್ತುತ್ತದೆ.

ನಮ್ಮ ತಾಯಿಗೆ 71. ಹಾರ್ಟ್ ಪಂಪಿಂಗ್ ಕಮ್ಮಿ ಅಂದಿದ್ದಾರೆ. ಆರು ತಿಂಗಳಲ್ಲಿ ಮೂರು ಸಲ ಅಡ್ಮಿಟ್ ಆಯಿತು. ಮನೆಗೆ ಬಂದು ಹದಿನೈದು ದಿನಕ್ಕೇ ಮತ್ತೆ ಉಬ್ಬಸ. ಆಸ್ಪತ್ರೆ ಬದಲಿಸಲೇ? – ತಿಪಟೂರು

ಅದಕ್ಕೆ ಮೊದಲು ಒಂದು ತೂಕದ ಯಂತ್ರ ತನ್ನಿ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಿಮ್ಮ ತಾಯಿಯಂಥ, 70 ದಾಟಿದ 282 ಜನರ ಮೇಲೆ ನಡೆದ ಒಂದು ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದರ್ಧಕ್ಕೆ ಅದರ ಜೊತೆ ನರ್ಸ್ ಕೂತು ಪಾಠ ಹೇಳಿದರು, ಪಥ್ಯ ತಿಳಿಸಿದರು, ಮಾತ್ರೆಗಳ ಪಟ್ಟಿ ಸರಿಮಾಡಿಸಿದರು, ಮನೆಗೆ ಹೋದ ಮೇಲೂ ಬಿಡದೆ ವಿಚಾರಿಸಿದರು. 90 ದಿನದಲ್ಲಿ ಮಾಮೂಲಿ ಗುಂಪಿನವರು ಒಟ್ಟು 94 ಸಲ ಮತ್ತೆ ಅಡ್ಮಿಟ್ ಆದರು, ನರ್ಸ್ ನೋಡಿಕೊಂಡ ಗುಂಪಿನವರು 53 ಸಲ. ಹೊಸ ಔಷಧಿ ಏನೂ ಇಲ್ಲ, ಗಮನಿಸಿ.

ಹಾಗಾಗಿ ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ ಎರಡು ಕೆಜಿ ಏರಿತೆಂದರೆ ಅದು ಊಟದ್ದಲ್ಲ, ಮೈಯಲ್ಲಿ ನಿಂತ ನೀರು. ಉಬ್ಬಸ ಬರುವ ತನಕ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಕಾಲುಂಗುರ ಬಿಗಿಯಾಗುವುದು, ಒಂದು ದಿಂಬು ಸಾಕಾಗದೆ ಮೂರು ಬೇಕಾಗುವುದು, ಇವೂ ಅದೇ ಸೂಚನೆ. ಸಾರಿಗೆ ಉಪ್ಪು ಕಮ್ಮಿ ಮಾಡಿದ್ದೀವಿ ಅಂತ ಎಲ್ಲರೂ ಹೇಳುತ್ತಾರೆ, ತಟ್ಟೆ ಮೂಲೆಯ ಉಪ್ಪಿನಕಾಯಿ, ಹಪ್ಪಳ ಲೆಕ್ಕಕ್ಕೇ ಬರುವುದಿಲ್ಲ! ಇನ್ನೊಂದು, ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸುತ್ತಿದ್ದಾರಾ ಅಂತ ಮೆಲ್ಲಗೆ ಕೇಳಿ. ಆ ನೋವಿನ ಮಾತ್ರೆಗಳಲ್ಲಿ ಬಹಳಷ್ಟು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ಮೂರು ಸಲ ಅಡ್ಮಿಟ್ ಆಗಿದ್ದಕ್ಕೆ ಕಾರಣ ಅಲ್ಲೇ ಇದ್ದರೂ ಇರಬಹುದು.

ಬೈಪಾಸ್ ಆಗಿ ಎರಡು ತಿಂಗಳು. ಗಾಯ ಒಣಗಿದೆ, ಎಕೋ (ಹೃದಯದ ಸ್ಕ್ಯಾನ್) ಚೆನ್ನಾಗಿದೆ. ಅಪ್ಪ ಮಾತ್ರ ಯಾರ ಹತ್ತಿರವೂ ಮಾತಾಡಲ್ಲ, ಹೊಲದ ಕಡೆ ತಿರುಗಿಯೂ ನೋಡಲ್ಲ. – ಹಾವೇರಿ

ಇದು ಖಿನ್ನತೆ (ಡಿಪ್ರೆಶನ್) ಇರಬಹುದು, ಹಗುರವಾಗಿ ತಗೋಬೇಡಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾರ್ಟ್ ಅಟ್ಯಾಕ್ ಆದ 222 ಜನರನ್ನು ಗಮನಿಸಿ 1993ರಲ್ಲಿ ಬರೆದರು: ಖಿನ್ನತೆ ಇದ್ದವರಲ್ಲಿ ಮುಂದಿನ ಆರು ತಿಂಗಳಲ್ಲಿ ಸಾವಿನ ಅಪಾಯ ಜಾಸ್ತಿ ಇತ್ತು. ಹಾರ್ಟ್ ಅಟ್ಯಾಕ್ ಆದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಖಿನ್ನತೆ ಕಾಣುತ್ತದೆ. ಬೈಪಾಸ್ ಆದವರಲ್ಲೂ ಇದು ಅಪರೂಪ ಅಲ್ಲ. ಕೇಳಬೇಕಾದದ್ದು ಎರಡೇ ಪ್ರಶ್ನೆ: ಈ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿದೆಯಾ? ಮನಸ್ಸು ಕುಗ್ಗಿದಂತೆ ಇದೆಯಾ? ಹೌದು ಅಂದರೆ ಮುಂದಿನ ತಿಂಗಳ ಚೆಕಪ್ ತನಕ ಕಾಯದೆ ಈ ವಾರವೇ ಡಾಕ್ಟರಿಗೆ ಹೇಳಿ. ಇದಕ್ಕೆ ಚಿಕಿತ್ಸೆ ಇದೆ. ಸಾಯುವ ಮಾತು ಬಂದರೆ ಅವತ್ತೇ ಕರೆದುಕೊಂಡು ಹೋಗಿ. "ಗಟ್ಟಿ ಮನಸ್ಸು ಮಾಡ್ಕೊಳ್ಳಿ" ಅಂತ ಮಾತ್ರ ಹೇಳಬೇಡಿ. ಆಗಿದ್ದರೆ ಅವರೇ ಮಾಡಿಕೊಳ್ಳುತ್ತಿದ್ದರು, ಅಲ್ವಾ?

ನಾನು ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ. ಹೃದಯ ರೋಗಿಗಳ ಚೇತರಿಕೆ ಮೇಲೆ ಡಿಸರ್ಟೇಶನ್ (ಸಂಶೋಧನಾ ಪ್ರಬಂಧ) ಮಾಡಬೇಕು. ಎಲ್ಲರೂ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ (ರೋಗಿಗಳಿಗೆ ಪಾಠ ಹೇಳಿ, ಪಾಠಕ್ಕೆ ಮೊದಲೂ ಆಮೇಲೂ ಪರೀಕ್ಷೆ ಮಾಡುವುದು) ಮಾಡು, ಸುಲಭ ಅಂತಾರೆ. – ಕಲಬುರಗಿ

ಸುಲಭ ಹೌದು. ಅರವತ್ತು ರೋಗಿಗಳು, ಪ್ರೀ-ಟೆಸ್ಟ್, ಒಂದು ಫ್ಲಿಪ್ ಚಾರ್ಟ್, ವಾರದ ಮೇಲೆ ಪೋಸ್ಟ್-ಟೆಸ್ಟ್, ಅಂಕ ಏರಿತು, ವೈವಾ ಮುಗಿಯಿತು. ನಾನೂ ಅದನ್ನೇ ಮಾಡಿದವಳು, ಬೈಯುವ ಹಕ್ಕಿಲ್ಲ. ನನ್ನ ಪೋಸ್ಟ್-ಟೆಸ್ಟಿನಲ್ಲಿ ಎಲ್ಲಕ್ಕೂ ಸರಿ ಉತ್ತರ ಬರೆದ ಒಬ್ಬ ಅಜ್ಜ ಸಂಜೆ ಕ್ಯಾಂಟೀನ್ ಹಿಂದೆ ಬೀಡಿ ಸೇದುತ್ತಾ ಸಿಕ್ಕರು. ಅಂಕ ಏರಿದ್ದು ನಿಜ, ಬೀಡಿ ಬಿಟ್ಟಿದ್ದು ಸುಳ್ಳು.

ಅದಕ್ಕೇ ಬಾಯಲ್ಲಿ ಹೇಳುವುದನ್ನಲ್ಲ, ಮನೆಯಲ್ಲಿ ಮಾಡುವುದನ್ನು ಅಳೆಯಮ್ಮಾ. ಮೂವತ್ತನೇ ದಿನ ಮಾತ್ರೆಯ ಸ್ಟ್ರಿಪ್ ಎಷ್ಟು ಖಾಲಿಯಾಗಿದೆ, ಆರು ನಿಮಿಷದಲ್ಲಿ ಎಷ್ಟು ದೂರ ನಡೆದರು, ಮತ್ತೆ ಅಡ್ಮಿಟ್ ಆದರಾ. ರೋಗಿ ಜೊತೆ ಬಂದವರನ್ನೂ ಸೇರಿಸು.

ಒಳ್ಳೆಯ ಉದ್ದೇಶ ಇದ್ದರೆ ಒಳ್ಳೆಯದೇ ಆಗುತ್ತದೆ ಅಂತಲೂ ಅಂದುಕೊಳ್ಳಬೇಡ. ಮೇಲೆ ಹೇಳಿದ ಮಾಂಟ್ರಿಯಲ್ ತಂಡವೇ ಆಮೇಲೆ 1376 ರೋಗಿಗಳನ್ನು ತಗೊಂಡು, ಅರ್ಧ ಜನಕ್ಕೆ ತಿಂಗಳಿಗೊಮ್ಮೆ ಫೋನ್ ಮಾಡಿ, ಮನಸ್ಸು ಕುಗ್ಗಿದ್ದವರ ಮನೆಗೆ ನರ್ಸ್ ಕಳಿಸಿ ಒಂದು ವರ್ಷ ನೋಡಿತು. ಸಾವು ಕಮ್ಮಿ ಆಗಲಿಲ್ಲ. ಹೆಂಗಸರಲ್ಲಿ ಸ್ವಲ್ಪ ಜಾಸ್ತಿಯೇ ಕಂಡಿತು, ಅದು ಆಕಸ್ಮಿಕವೂ ಇರಬಹುದು. ಆದರೂ 1997ರಲ್ಲಿ ಎಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದರು. ನಿನ್ನ ಫಲಿತಾಂಶ ಚೆನ್ನಾಗಿ ಬರದಿದ್ದರೂ ಹಾಗೇ ಬರೆ. ಗೈಡ್ ಮುಖ ಸಿಂಡರಿಸಿದರೆ ಈ ಪುಟ ತೋರಿಸು.

ಸ್ಟೆಂಟ್ ಆಗಿದೆ. ಯೋಗ ಶುರು ಮಾಡಿದ್ದೇನೆ, ಮಾತ್ರೆ ಬಿಡಬಹುದೇ? – ಮೈಸೂರು

ಬೇಡ. ಯೋಗ ಮಾಡಿ, ಒಳ್ಳೆಯದೇ. ಭಾರತದ 24 ಆಸ್ಪತ್ರೆಗಳಲ್ಲಿ ಹಾರ್ಟ್ ಅಟ್ಯಾಕ್ ಆದ 3959 ಜನರ ಮೇಲೆ ಯೋಗ-ಕೇರ್ ಅನ್ನೋ ದೊಡ್ಡ ಪ್ರಯೋಗ ನಡೆದು 2020ರಲ್ಲಿ ಪ್ರಕಟವಾಯಿತು. ಯೋಗ ಕಲಿತವರು ತಮ್ಮ ಆರೋಗ್ಯ ಸುಧಾರಿಸಿದೆ ಅಂದರು, ಹಳೆಯ ಕೆಲಸಗಳಿಗೆ ಜಾಸ್ತಿ ಮರಳಿದರು. ಸಾವು, ಮತ್ತೊಂದು ಅಟ್ಯಾಕ್ ಇವುಗಳಲ್ಲಿ ಮಾತ್ರ ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ಅಂದ ಹಾಗೆ ಅವರಿಗೆ ಯೋಗ ಹೇಳಿಕೊಟ್ಟಿದ್ದು ಮಾಮೂಲಿ ಚಿಕಿತ್ಸೆಯ ಜೊತೆಗೆ, ಅದರ ಬದಲಿಗೆ ಅಲ್ಲ.