ಅಣ್ಣ ಕಟ್ಟಿದ ವಿಮಾನದಲ್ಲಿ ಲಾಗ ಹಾಕಬಹುದಾ?

ಪ್ರಶ್ನೆ: ನಮ್ಮಣ್ಣ ಅಮೆರಿಕದಲ್ಲಿದ್ದಾನೆ. ಕಿಟ್ ತರಿಸಿಕೊಂಡು ಗ್ಯಾರೇಜಿನಲ್ಲೇ ಆರ್‌ವಿ-8 ಅನ್ನೋ ಎರಡು ಸೀಟಿನ ವಿಮಾನ ಕಟ್ಟಿದ್ದಾನೆ. ಒಬ್ಬನೇ ಹೋಗಿ ಲೂಪ್ (ಮೇಲಕ್ಕೆ ಸುತ್ತು ಹೊಡೆಯೋದು), ರೋಲ್ (ಪಕ್ಕಕ್ಕೆ ಮಗುಚಿ ಮತ್ತೆ ನೇರ ಆಗೋದು) ಎಲ್ಲ ಮಾಡುತ್ತಾನೆ. ಮುಂದಿನ ತಿಂಗಳು ನಾನು ಹೋದಾಗ ನನ್ನನ್ನೂ ಹಿಂದೆ ಕೂರಿಸಿಕೊಂಡು ಲಾಗ ಹಾಕಿಸ್ತಾನಂತೆ. 1998ರಲ್ಲಿ ಇದೇ ಮಾದರಿಯ ವಿಮಾನದ ರೆಕ್ಕೆ ಕಿತ್ತುಹೋಗಿ ಇಬ್ಬರು ಸತ್ತರು ಅಂತ ಓದಿದೆ. ಮನೆಯಲ್ಲಿ ಕಟ್ಟಿದ್ದಕ್ಕೇ ಹಾಗಾಯ್ತಾ? ಹೋಗಲಾ, ಬೇಡ್ವಾ?

ಉತ್ತರ: ಮನೆಯಲ್ಲಿ ಕಟ್ಟಿದ್ದು ಅನ್ನೋದು ಅಲ್ಲಿ ಕಾರಣವೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆವತ್ತು ಬಿದ್ದದ್ದು ಕಿಟ್ ಮಾರುವ ವ್ಯಾನ್ಸ್ ಕಂಪನಿಯದೇ ಪ್ರದರ್ಶನದ ವಿಮಾನ. ಸ್ಟಿಕ್ ಅನ್ನು, ಅಂದರೆ ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡುವ ಹಿಡಿಕೆಯನ್ನು, ಹಠಾತ್ತಾಗಿ ಹಿಂದಕ್ಕೆ ಎಳೆದಿದ್ದರಿಂದ ರೆಕ್ಕೆ ತಡೆಯಬಲ್ಲ ಮಿತಿ ಮೀರಿತು ಅಂತ ತನಿಖೆಯವರು ಹೇಳಿದರು.

ಒಂದು ಎಳೆತಕ್ಕೆ ರೆಕ್ಕೆ ಹೇಗೆ ಮುರಿಯುತ್ತೆ? ವಿಮಾನ ನಿಧಾನಕ್ಕೆ ಹೋಗುವಾಗ ಎಷ್ಟು ಎಳೆದರೂ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತೆ, ಮುರಿಯುವುದಿಲ್ಲ. ವೇಗ ಎರಡು ಪಟ್ಟಾದರೆ ರೆಕ್ಕೆ ಎತ್ತಬಲ್ಲ ಭಾರ ನಾಲ್ಕು ಪಟ್ಟಾಗುತ್ತೆ. ಗಂಟೆಗೆ 60 ಮೈಲಿಗೆ ಹಿಡಿತ ಬಿಡುವ ವಿಮಾನ 120ರಲ್ಲಿ 4 ಜಿ (ಅಂದರೆ ತನ್ನ ತೂಕದ ನಾಲ್ಕು ಪಟ್ಟು ಭಾರ) ತನಕ, 180ರಲ್ಲಿ 9 ಜಿ ತನಕ ಎಳೆಯಬಲ್ಲದು. ಆರ್‌ವಿ-8ಕ್ಕೆ ಲಾಗ ಹಾಕುವಾಗಿನ ಮಿತಿ 6 ಜಿ, ಅದರ ಒಂದೂವರೆ ಪಟ್ಟಿನ ತನಕ ಸುರಕ್ಷತೆಯ ಅಂಚು, ಅಂದರೆ 9 ಜಿ ದಾಟಿದರೆ ರೆಕ್ಕೆ ಮುರಿಯಬಹುದು. ಇದು ಮಾಮೂಲಿಯಾಗಿ ಹಾರುವ ವೇಗವೇ ಸುಮಾರು 200 ಮೈಲಿ. ಅಷ್ಟು ವೇಗದಲ್ಲಿ ಜೋರಾಗಿ ಎಳೆದರೆ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ.

ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ನಿಮ್ಮ ಪತ್ರದ ಇನ್ನೊಂದು ಮಾತು, ‘ಒಬ್ಬನೇ ಹೋಗಿ’ ಅನ್ನೋದು. ಆ 6 ಜಿ ಮಿತಿ ಒಟ್ಟು ತೂಕ 1600 ಪೌಂಡ್, ಅಂದರೆ ಸುಮಾರು 725 ಕೆಜಿ ಇರುವ ತನಕ ಮಾತ್ರ. ಖಾಲಿ ವಿಮಾನವೇ 500 ಕೆಜಿ ಆಸುಪಾಸು ಇರುತ್ತೆ, ನೀವಿಬ್ಬರು ಸೇರಿ 150, ಪ್ಯಾರಾಚೂಟ್‌ಗಳು ಹದಿನೈದು ಕೆಜಿ ಹಿಡಿಯಿರಿ, ಟ್ಯಾಂಕ್ ತುಂಬ ಪೆಟ್ರೋಲ್ ಹಾಕಿದರೆ ಇನ್ನೊಂದು 115. ಮಿತಿ ದಾಟಿ 55 ಕೆಜಿ ಜಾಸ್ತಿ ಆಯಿತು! ಒಟ್ಟು 1800 ಪೌಂಡ್ (ಸುಮಾರು 815 ಕೆಜಿ) ಆದಾಗ ಮಿತಿ 4.4 ಜಿಗೆ ಇಳಿಯುತ್ತೆ. ಜೊತೆಗೆ ನೀವು ಹಿಂದೆ ಕೂತರೆ ಭಾರ ಹಿಂದಕ್ಕೆ ಸರಿದು ಸ್ಟಿಕ್ ಹಗುರಾಗುತ್ತೆ. ಒಬ್ಬನೇ ಇದ್ದಾಗ 4 ಜಿ ಕೊಡುತ್ತಿದ್ದ ಎಳೆತ ಈಗ ಅದಕ್ಕಿಂತ ಜಾಸ್ತಿ ಕೊಡುತ್ತೆ. ನಿಮ್ಮಣ್ಣನ ಕೈಗೆ ಕೂತ ಅಭ್ಯಾಸ ಬೇರೆ ವಿಮಾನದ್ದು ಅಂತಲೇ ಇಟ್ಟುಕೊಳ್ಳಿ.

ಇನ್ನೊಂದು ತಪ್ಪು ಹೊಸಬರಿಂದ ಆಗುತ್ತಲೇ ಇರುತ್ತೆ. ರೋಲ್ ಮಧ್ಯೆ ತಲೆಕೆಳಗಾದಾಗ ಮೂತಿ ಕುಸಿಯುತ್ತೆ. ಆಗ ರೋಲ್ ಪೂರ್ತಿ ಮಾಡಿ ನೇರ ಆಗಬೇಕು. ಗಾಬರಿಯಲ್ಲಿ ಸ್ಟಿಕ್ ಹಿಂದಕ್ಕೆಳೆದರೆ ವಿಮಾನ ನೆಲದ ಕಡೆಗೇ ತಿರುಗುತ್ತೆ, ವೇಗ ಕಣ್ಣೆದುರೇ ಏರುತ್ತೆ, ಆಮೇಲೆ ನೆಲ ತಪ್ಪಿಸಲು ಇನ್ನೂ ಜೋರಾಗಿ ಎಳೆಯಬೇಕು. ಎತ್ತರ ಇಲ್ಲದಿದ್ದರೆ ರೆಕ್ಕೆ ಗಟ್ಟಿ ಇದ್ದೂ ಪ್ರಯೋಜನವಿಲ್ಲ. ಅಮೆರಿಕದ ಕಾನೂನು ನೆಲದಿಂದ 1500 ಅಡಿಗಿಂತ ಕೆಳಗೆ ಲಾಗ ಹಾಕಬಾರದು ಅನ್ನುತ್ತೆ. ಅದು ಕನಿಷ್ಠ ಅಷ್ಟೇ. ಕರೆದುಕೊಂಡು ಹೋಗುವುದಾದರೆ ಕಡೇಪಕ್ಷ ನಾಲ್ಕೈದು ಸಾವಿರ ಅಡಿ ಇರಲಿ.

ಹಾಗಾಗಿ ಹೋಗುವ ಮುಂಚೆ ಅಣ್ಣನನ್ನು ನೇರವಾಗಿ ಕೇಳಿ. ಲಾಗ ಹಾಕುವುದನ್ನು ಬೋಧಕರ ಹತ್ತಿರ ಕಲಿತಿದ್ದಾನಾ, ವಿಡಿಯೋ ನೋಡಿ ಕಲಿತದ್ದಾ? ಹಿಂದೆ ನಿಮ್ಮಷ್ಟು ತೂಕ ಇಟ್ಟುಕೊಂಡು ಹಾರಿಸಿ ನೋಡಿದ್ದಾನಾ? ಇಬ್ಬರಿಗೂ ಪ್ಯಾರಾಚೂಟ್ ಇದೆಯಾ? ನಿಮ್ಮನ್ನು ಕೂರಿಸಿಕೊಂಡು ಲಾಗ ಹಾಕಲು ಅದು ಕಾನೂನಿನ ಪ್ರಕಾರವೂ ಬೇಕೇ ಬೇಕು. ಹಿಂದಿನ ಸೀಟಿನ ಸ್ಟಿಕ್ ಬಿಚ್ಚಿಡಲು ಬರುವಂತಿದ್ದರೆ ಬಿಚ್ಚಿಸಿ, ಗಾಬರಿಯಲ್ಲಿ ನೀವು ಅದನ್ನು ಹಿಡಿದೆಳೆಯುವ ಸಾಧ್ಯತೆಯೇ ಇರಬಾರದು. ತೂಕದ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಲು ಹೇಳಿ. ‘ಏನೂ ಆಗಲ್ಲ, ಸುಮ್ನೆ ಬಾ’ ಅಂದರೆ ಲಾಗ ಬೇಡ. ಅವನ ಜೊತೆ ನೆಟ್ಟಗೆ ಹಾರಿ ಬನ್ನಿ, ಅಷ್ಟು ವರ್ಷ ಕೂತು ಕಟ್ಟಿದ ವಿಮಾನ ಅಲ್ವಾ, ಅದರಲ್ಲೇ ಅವನಿಗೂ ಖುಷಿಯಾಗುತ್ತೆ.