ಉಳುಕಿದ ಪಾದ: ಐದು ವಾರ ಕಳೆದರೂ ಬಿಗಿತ ಹೋಗಿಲ್ಲವೇಕೆ?

ಪ್ರಶ್ನೆ: ನನಗೆ 46 ವರ್ಷ, ಹೊಸನಗರ ತಾಲ್ಲೂಕಿನ ಹಳ್ಳಿಯವಳು. ಆಷಾಢದ ಮಳೆಯಲ್ಲಿ ತೋಟಕ್ಕೆ ಇಳಿಯುವಾಗ ಅಡಿಕೆ ದಬ್ಬೆಯ ಸಂಕದ ಮೇಲೆ ಜಾರಿ ಬಲಪಾದ ಒಳಕ್ಕೆ ಮಡಚಿಕೊಂಡಿತು. ಎಕ್ಸ್‌ರೇ ತೆಗೆಸಿದಾಗ ಮೂಳೆ ಮುರಿದಿಲ್ಲ, ಲಿಗಮೆಂಟ್‌ಗೆ ಪೆಟ್ಟಾಗಿದೆ ಎಂದು ಹೇಳಿ ವೈದ್ಯರು ಕ್ರೇಪ್ ಬ್ಯಾಂಡೇಜ್ ಸುತ್ತಿದರು. ಮೂರು ವಾರ ಹೆಚ್ಚುಕಡಿಮೆ ಮಂಚದ ಮೇಲೆಯೇ ಇದ್ದೆ. ಈಗ ಐದು ವಾರವಾಗಿದೆ. ಸಂಜೆಯ ಹೊತ್ತಿಗೆ ಸ್ವಲ್ಪ ಊತ ಬರುತ್ತದೆ, ಬೆಳಿಗ್ಗೆ ಎದ್ದಾಗ ಕಾಲು ಕೊರಡಿನಂತಿರುತ್ತದೆ, ಕುಕ್ಕರಗಾಲಿನಲ್ಲಿ ಕೂರಲಾಗುವುದಿಲ್ಲ, ಮೆಟ್ಟಿಲು ಇಳಿಯಲು ಹೆದರಿಕೆ. ಅತ್ತೆಯವರು ಇನ್ನೂ ಓಡಾಡಬೇಡ ಎನ್ನುತ್ತಾರೆ. ಪಕ್ಕದ ಮನೆಯವರು ಎಣ್ಣೆ ಹಚ್ಚಿ ಪಾದ ತಿರುಚಿಸಿಕೋ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ನಿಮ್ಮ ಮೇಲಿನ ಅಕ್ಕರೆಯಿಂದಲೇ ಹೇಳಿದ್ದಾರೆ. ಆದರೆ ಅತ್ತೆಯವರ ಸಲಹೆ ಮೊದಲ ವಾರಕ್ಕೆ ಹೊಂದುವಂಥದ್ದು, ನೆರೆಯವರದು ಯಾವ ವಾರಕ್ಕೂ ಹೊಂದದು.

ಪಾದ ಒಳಮಡಚಿ ಉಳುಕಿದಾಗ ಸಾಮಾನ್ಯವಾಗಿ ಪೆಟ್ಟು ಬೀಳುವುದು ಹೊರಹರಡಿನಿಂದ ಮುಂದಕ್ಕೆ ಪಾದದ ಮೂಳೆಗೆ ಹೋಗುವ ಆಂಟೀರಿಯರ್ ಟ್ಯಾಲೋಫಿಬ್ಯುಲರ್ ಎಂಬ ಲಿಗಮೆಂಟ್‌ಗೆ. ಲಿಗಮೆಂಟ್ ಎಂದರೆ ಮೂಳೆಗೆ ಮೂಳೆಯನ್ನು ಬಿಗಿದಿಡುವ ನಾರಿನಂಥ ಪಟ್ಟಿ; ಅದು ಅತಿಯಾಗಿ ಎಳೆದುಕೊಳ್ಳುತ್ತದೆ ಅಥವಾ ಭಾಗಶಃ ಹರಿಯುತ್ತದೆ. ಮೊದಲ ಕೆಲವು ದಿನ ಊತ ಮತ್ತು ನೋವು ಇದ್ದು, ಅನಂತರದ ವಾರಗಳಲ್ಲಿ ದೇಹವು ಆ ಜಾಗದಲ್ಲಿ ಹೊಸ ಕೊಲಾಜೆನ್ ಎಳೆಗಳನ್ನು ತುಂಬುತ್ತದೆ. ಈ ಎಳೆಗಳು ಮೊದಲಿಗೆ ದಿಕ್ಕುದೆಸೆಯಿಲ್ಲದೆ ಹರಡಿಕೊಂಡಿರುತ್ತವೆ. ತೆಂಗಿನ ನಾರನ್ನು ಗುಡ್ಡೆ ಹಾಕಿಟ್ಟರೆ ಹಗ್ಗವಾಗುವುದಿಲ್ಲ, ಹದವಾಗಿ ಎಳೆಯುತ್ತ ಹೊಸೆದರೆ ಮಾತ್ರ ಹಗ್ಗವಾಗುತ್ತದೆ. ಹಾಗೆಯೇ ಕೀಲಿಗೆ ಹಿತಮಿತವಾದ ಭಾರ ಮತ್ತು ಚಲನೆ ಸಿಕ್ಕಾಗಲೇ ಈ ಎಳೆಗಳು ಸೆಳೆತದ ದಿಕ್ಕಿಗೆ ಹೊಂದಿಕೊಂಡು ಗಟ್ಟಿಯಾಗುತ್ತವೆ. ಇದು ತಿಂಗಳುಗಟ್ಟಲೆ ನಡೆಯುವ ಕೆಲಸವಾದ್ದರಿಂದ, ಐದನೆಯ ವಾರದಲ್ಲಿ ನಿಮ್ಮ ಕಾಲು ಬಿಗಿಯಾಗಿರುವುದಕ್ಕೆ ಗಾಬರಿಪಡಬೇಕಾಗಿಲ್ಲ.

ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ನಮ್ಮ ಅಜ್ಜಿಯರದು ಮಾತ್ರವಲ್ಲ. ವಿಶ್ರಾಂತಿ, ಮಂಜುಗಡ್ಡೆ, ಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು ಎಂಬ ನಾಲ್ಕು ಸೂತ್ರಗಳನ್ನು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರಲ್ಲಿ ಜನಪ್ರಿಯಗೊಳಿಸಿದರು. ಅವರೇ ಮುಂದೆ, ಮಂಜುಗಡ್ಡೆಯೂ ಸಂಪೂರ್ಣ ವಿಶ್ರಾಂತಿಯೂ ವಾಸಿಯಾಗುವುದನ್ನು ನಿಧಾನಗೊಳಿಸಬಹುದು ಎಂದು ತಮ್ಮ ಮಾತನ್ನು ತಿದ್ದಿಕೊಂಡರು. ಈಗ ಮೊದಲ ಎರಡು ಮೂರು ದಿನ ಕಾಲಿಗೆ ರಕ್ಷಣೆ ಕೊಟ್ಟು, ಬಳಿಕ ನೋವು ಒಪ್ಪುವಷ್ಟು ಚಲನೆ ಆರಂಭಿಸಬೇಕೆಂದೇ ನಾವು ಹೇಳುತ್ತೇವೆ. ನೀವು ಮೂರು ವಾರ ಮಲಗಿದ್ದು ಸ್ವಲ್ಪ ಹೆಚ್ಚಾಯಿತು, ಆದರೆ ಸರಿಪಡಿಸಲಾಗದ್ದೇನೂ ಆಗಿಲ್ಲ.

ಇನ್ನು ತಿರುಚುವ ವಿಷಯ. ಶಿವಮೊಗ್ಗದ ನನ್ನ ಚಿಕಿತ್ಸಾ ಕೊಠಡಿಗೆ ಬರುವವರಲ್ಲಿ ಅನೇಕರು ಕುರ್ಚಿಯಲ್ಲಿ ಕುಳಿತ ಕೂಡಲೇ ನೋವಿರುವ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಒಳಕ್ಕೆ ತಿರುಚಿ, ‘ನೋಡಿ, ದಿನಾ ಹೀಗೆ ಸ್ಟ್ರೆಚ್ ಮಾಡುತ್ತಿದ್ದೇನೆ’ ಎಂದು ತೋರಿಸುತ್ತಾರೆ. ಬಿದ್ದ ದಿನ ಯಾವ ದಿಕ್ಕಿಗೆ ಹೊರಳಿ ಲಿಗಮೆಂಟ್ ಹರಿಯಿತೋ ಅದೇ ದಿಕ್ಕಿಗೆ ಅವರು ಅದನ್ನು ದಿನವೂ ಎಳೆಯುತ್ತಿರುತ್ತಾರೆ. ಉಳುಕಿದ ಕೀಲಿನಲ್ಲಿ ಎಲ್ಲವೂ ಬಿಗಿಯಾಗಿರುವುದಿಲ್ಲ. ಹೊರಬದಿಯ ಲಿಗಮೆಂಟ್ ಸಡಿಲವಾಗಿದೆ, ಅದನ್ನು ಎಳೆಯಬಾರದು. ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಬಿಗಿದಿವೆ, ಎಳೆಯಬೇಕಾದದ್ದು ಅವುಗಳನ್ನೇ. ಕುಕ್ಕರಗಾಲು ಹಾಕಲು, ಮೆಟ್ಟಿಲು ಇಳಿಯಲು ಮೊಣಕಾಲು ಪಾದದ ಮುಂದಕ್ಕೆ ಬಾಗಬೇಕು. ನಿಮಗೆ ಕಳೆದುಹೋಗಿರುವುದು ಆ ಬಾಗುವಿಕೆ.

ಎಷ್ಟು ಕಳೆದುಹೋಗಿದೆ ಎಂಬುದನ್ನು ನೀವೇ ಅಳೆಯಬಹುದು. ಗೋಡೆಗೆ ಮುಖಮಾಡಿ ನಿಂತು, ಸರಿಯಿರುವ ಎಡಪಾದವನ್ನು ಗೋಡೆಗೆ ನೇರವಾಗಿ ಇಟ್ಟು, ಹಿಮ್ಮಡಿ ನೆಲ ಬಿಡದಂತೆ ಮೊಣಕಾಲನ್ನು ಗೋಡೆಗೆ ತಾಗಿಸಿ. ತಾಗಿತೆಂದರೆ ಪಾದವನ್ನು ಒಂದು ಬೆರಳು ಅಗಲದಷ್ಟು ಹಿಂದಕ್ಕೆ ಸರಿಸಿ ಮತ್ತೆ ಪ್ರಯತ್ನಿಸಿ. ಹಿಮ್ಮಡಿ ಏಳದೆ ಮೊಣಕಾಲು ತಾಗುವ ಕೊನೆಯ ಜಾಗದಲ್ಲಿ ಹೆಬ್ಬೆರಳಿನ ತುದಿಗೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಅನೇಕರಿಗೆ ಇದು ಗೋಡೆಯಿಂದ ಸುಮಾರು 10 ಸೆಂಟಿಮೀಟರ್ ದೂರದಲ್ಲಿರುತ್ತದೆ. ಈಗ ಬಲಗಾಲಿನದನ್ನು ಅಳೆಯಿರಿ. 3 ಅಥವಾ 4 ಸೆಂಟಿಮೀಟರಿಗೇ ಹಿಮ್ಮಡಿ ಮೇಲೇಳತೊಡಗಿದರೆ ಆಶ್ಚರ್ಯವಿಲ್ಲ. ಈ ಪರೀಕ್ಷೆಯೇ ನಿಮ್ಮ ವ್ಯಾಯಾಮವೂ ಹೌದು: ಹಿಮ್ಮಡಿ ಊರಿಕೊಂಡು ಮೊಣಕಾಲನ್ನು ನಿಧಾನವಾಗಿ ಮುಂದಕ್ಕೆ ಒಯ್ದು ಹಿಂದಕ್ಕೆ ತನ್ನಿ, ಒಂದು ಸಲಕ್ಕೆ ಹತ್ತರಿಂದ ಹದಿನೈದು ಬಾರಿ, ದಿನಕ್ಕೆ ಮೂರು ಹೊತ್ತು. ವಾರಕ್ಕೊಮ್ಮೆ ಗೆರೆ ಬದಲಿಸಿ. ದಿನವೂ ಅಳೆಯುವ ಆತುರ ಬೇಡ, ಅದರಿಂದ ನಿರಾಶೆಯೇ ಹೆಚ್ಚು.

ಬೆಳಗಿನ ಬಿಗಿತಕ್ಕೆ, ಹಾಸಿಗೆಯಿಂದ ಇಳಿಯುವ ಮೊದಲೇ ಪಾದವನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ‘ಅ’ದಿಂದ ‘ಅಃ’ವರೆಗೆ ಬರೆಯಿರಿ, ನಮ್ಮ ಅಕ್ಷರಗಳ ಗುಂಡುತನದಿಂದಾಗಿ ಕೀಲು ತನ್ನಷ್ಟಕ್ಕೆ ಎಲ್ಲ ದಿಕ್ಕಿಗೂ ಮೆಲ್ಲಗೆ ತಿರುಗುತ್ತದೆ. ಕಾಲು ಚಾಚಿ ಕುಳಿತು, ಅಂಗಾಲಿನ ಮುಂಭಾಗಕ್ಕೆ ಬೈರಾಸು ಸುತ್ತಿ ನಿಮ್ಮತ್ತ ಎಳೆದು ಮೂವತ್ತು ಸೆಕೆಂಡು ಹಿಡಿಯುವುದನ್ನು ಮೂರು ಸಲ ಮಾಡಿ. ಹೊರಬದಿಯ ಮಾಂಸಖಂಡಗಳಿಗೆ ಬಲ ಬರಲು ಹಳೆಯ ಸೈಕಲ್ ಟ್ಯೂಬಿನ ತುಂಡೊಂದು ಸಾಕು: ಎರಡೂ ಪಾದಗಳಿಗೆ ಸುತ್ತಿ, ಹಿಮ್ಮಡಿ ಕದಲಿಸದೆ ಬಲಪಾದದ ಮುಂಭಾಗವನ್ನು ಹೊರಕ್ಕೆ ತಳ್ಳಿ. ಜಗುಲಿಯ ಕಂಬ ಹಿಡಿದುಕೊಂಡು ಎರಡೂ ಹಿಮ್ಮಡಿಗಳನ್ನು ಎತ್ತಿ, ಏರಿದ್ದಕ್ಕಿಂತ ನಿಧಾನವಾಗಿ ಇಳಿಯುವುದನ್ನು ಹತ್ತು ಸಲ ಮಾಡಿ.

ನೋವಿನ ಲೆಕ್ಕ ಹೀಗಿರಲಿ. ಹತ್ತಕ್ಕೆ ಮೂರರಷ್ಟು ನೋವು ಬಂದರೂ ವ್ಯಾಯಾಮ ನಿಲ್ಲಿಸಬೇಕಿಲ್ಲ, ಮಾರನೆಯ ಬೆಳಿಗ್ಗೆಯೊಳಗೆ ಅದು ಮೊದಲಿನಷ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಅಥವಾ ಊತ ಹೆಚ್ಚಿದ್ದರೆ, ಆ ದಿನ ಎಲ್ಲವನ್ನೂ ಅರ್ಧಕ್ಕೆ ತಗ್ಗಿಸಿ, ಪೂರ್ತಿ ಬಿಡಬೇಡಿ. ಸಂಜೆ ಬರುವ ಸ್ವಲ್ಪ ಊತಕ್ಕೆ ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟರೆ ಸಾಕು.

ಬಚ್ಚಲ ಹಂಡೆಯ ಬಿಸಿನೀರಿನ ಬಗ್ಗೆ ಅನೇಕರು ಕೇಳುತ್ತಾರೆ. ಪೆಟ್ಟಾದ ಮೊದಲ ಎರಡು ಮೂರು ದಿನ ಶಾಖವೂ ಬೇಡ, ನೀವುವುದೂ ಬೇಡ; ಅವುಗಳಿಂದ ಊತ ಹೆಚ್ಚಬಹುದು. ಈಗ ವ್ಯಾಯಾಮಕ್ಕೆ ಮೊದಲು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಪಾದವಿಟ್ಟರೆ ಬಿಗಿತ ಸಡಿಲಾಗುತ್ತದೆ. ಸಕ್ಕರೆ ಕಾಯಿಲೆಯಿದ್ದು ಪಾದ ಜೋಮು ಹಿಡಿಯುವವರು ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿಕೊಳ್ಳಬೇಕು. ಎಣ್ಣೆಯನ್ನು ಮೀನಖಂಡಕ್ಕೆ ಹಗುರವಾಗಿ ನೀವಿಕೊಳ್ಳಲು ನನ್ನ ತಕರಾರಿಲ್ಲ.

ಇಷ್ಟನ್ನು ಅನೇಕರು ಮಾಡುತ್ತಾರೆ, ಮುಂದಿನದನ್ನು ಬಿಡುತ್ತಾರೆ, ಮರುವರ್ಷ ಅದೇ ಕಾಲು ಉಳುಕಿಸಿಕೊಂಡು ಬರುತ್ತಾರೆ. ಪಾದ ಯಾವ ಕೋನದಲ್ಲಿದೆ ಎಂದು ಮೆದುಳಿಗೆ ತಿಳಿಸುವ ನರತುದಿಗಳು ಲಿಗಮೆಂಟ್‌ನಲ್ಲಿಯೂ ಇವೆ; ಅದು ಹರಿದಾಗ ಆ ಸುದ್ದಿ ಮಸುಕಾಗುತ್ತದೆ. ಮೆಟ್ಟಿಲಿನಲ್ಲಿ ನಿಮಗಾಗುವ ಹೆದರಿಕೆಯಲ್ಲಿ ಇದರ ಪಾಲೂ ಇರಬಹುದು, ಅದನ್ನು ಬರೀ ಮನಸ್ಸಿನ ಅಳುಕೆಂದು ತಳ್ಳಿಹಾಕಬೇಡಿ. ಅಡುಗೆಮನೆಯ ಕಟ್ಟೆಯನ್ನು ಬೆರಳತುದಿಯಿಂದ ಮುಟ್ಟಿಕೊಂಡು ಬಲಗಾಲಿನ ಮೇಲೆ ಮಾತ್ರ ನಿಂತುನೋಡಿ. ಮೂವತ್ತು ಸೆಕೆಂಡು ಅಲುಗದೆ ನಿಲ್ಲಲಾದರೆ ಕೈ ಬಿಟ್ಟು, ಆಮೇಲೆ ಕಟ್ಟೆಯ ಪಕ್ಕದಲ್ಲೇ ಕಣ್ಣು ಮುಚ್ಚಿ, ಕೊನೆಗೆ ಮಡಚಿದ ಕಂಬಳಿಯ ಮೇಲೆ ನಿಲ್ಲಿ. ಸಮತಟ್ಟು ನೆಲವೇ ಅಪರೂಪವಾದ ನಮ್ಮ ಮಲೆನಾಡಿನಲ್ಲಿ ಈ ಅಭ್ಯಾಸಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಇದನ್ನು ಕನಿಷ್ಠ ಮೂರು ತಿಂಗಳು ಮುಂದುವರಿಸಿ.

ಕಾಲು ಹಠಾತ್ತನೆ ಕೈಕೊಟ್ಟಂತಾಗುವುದು, ಕೀಲಿನೊಳಗೆ ಏನೋ ಸಿಕ್ಕಿಕೊಂಡಂತಾಗುವುದು, ಹರಡಿನ ಮೇಲ್ಭಾಗದಲ್ಲಿ ಎರಡು ಮೂಳೆಗಳ ನಡುವೆ ನೋವು, ರಾತ್ರಿ ನಿದ್ದೆ ಕೆಡಿಸುವ ನೋವು ಇದ್ದರೆ, ಅಥವಾ ಇನ್ನು ಮೂರು ವಾರದಲ್ಲಿ ಸುಧಾರಣೆಯೇ ಕಾಣದಿದ್ದರೆ ಮೂಳೆ ತಜ್ಞರಿಗೆ ಮತ್ತೆ ತೋರಿಸಬೇಕು. ಮೀನಖಂಡವೇ ಊದಿ ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿರುತ್ತದೆ. ಅಂದೇ ಆಸ್ಪತ್ರೆಗೆ ಹೋಗಬೇಕು, ವ್ಯಾಯಾಮ ಮಾಡಿ ನೋಡೋಣ ಎನ್ನಬಾರದು.

ತೋಟಕ್ಕೆ ಯಾವಾಗ ಹೋಗಬಹುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯ ಮೆಟ್ಟಿಲನ್ನು ಕಂಬ ಹಿಡಿಯದೆ ಹತ್ತಿ ಇಳಿಯಲಾದ ಮೇಲೆ, ಬಲಗಾಲೊಂದರ ಮೇಲೆಯೇ ಹಿಮ್ಮಡಿ ಎತ್ತಲಾದ ಮೇಲೆ ಹೋಗಿ. ಉಂಬಳದ ಕಾಟಕ್ಕೆ ಹಾಕುವ ಗಮ್ ಬೂಟು ಹರಡನ್ನು ಹಿಡಿದಿಡುವುದಿಲ್ಲ, ಅದರೊಳಗೆ ಪಾದ ಸುಲಭವಾಗಿ ಹೊರಳುತ್ತದೆ. ಆದ್ದರಿಂದ ಮೊದಲ ಕೆಲವು ತಿಂಗಳು ಬೂಟಿನೊಳಗೆ ಆಂಕಲ್ ಬ್ರೇಸ್ ಕಟ್ಟಿಕೊಳ್ಳಿ, ಮನೆಗೆ ಬಂದ ಕೂಡಲೇ ಬಿಚ್ಚಿಡಿ. ಹೋಗುವ ಮೊದಲು ಆ ಸಂಕದ ದಬ್ಬೆಗಳ ಮೇಲಿನ ಹಾವಸೆಯನ್ನು ಯಾರಿಂದಲಾದರೂ ಕೆರೆಸಿ, ಕೈಯಾಸರೆಗೆ ಒಂದು ಬಿದಿರಿನ ಗಳು ಅಡ್ಡ ಕಟ್ಟಿಸಿಕೊಳ್ಳಿ. ಅತ್ತೆಯವರೂ ಅದರ ಮೇಲೆಯೇ ದಾಟುತ್ತಿರಬೇಕಲ್ಲ.